ಮೂರನೇ ಜ್ವರದ ಜಾಹೀರಾತು

ನಮ್ಮ ಶಿಡ್ಲಘಟ್ಟದ ಕಡೆ ರೇಷ್ಮೆಹುಳ ಪೊರೆ ಬಿಡುವುದಕ್ಕೆ ಜ್ವರ ಅನ್ನುತ್ತಾರೆ. ಹುಳ ಸೊಪ್ಪು ತಿನ್ನುವುದನ್ನು ನಿಲ್ಲಿಸಿ ತಲೆಯೆತ್ತಿ ಸುಮ್ಮನಾದರೆ, ಜ್ವರಕ್ಕೆ ಕೂತಿತು ಎಂದರ್ಥ. ಗೂಡು ಕಟ್ಟುವ ಮೊದಲು ಹೀಗೆ ನಾಲ್ಕು ಜ್ವರ. ಇದು ಇಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇಂಟರ್ನೆಟ್ಟಿನಲ್ಲಿ ಜಾಹೀರಾತು ಹಂಚುವ ಯಂತ್ರಕ್ಕೆ ಮಾತ್ರ. ನಮ್ಮ ಶಾಲೆಯ ಕಂಪ್ಯೂಟರ್ ಮೇಷ್ಟ್ರು ಗೊತ್ತಿದ್ದೂ ಗೊತ್ತಿಲ್ಲದಂತಿದ್ದರು.

ನಾನು ಕನ್ನಡ ಪಾಠ ಮಾಡುವ ಹೈಸ್ಕೂಲಿನಲ್ಲಿ ಮಕ್ಕಳ ಬರಹಕ್ಕೆಂದು ಒಂದು ಬ್ಲಾಗ್ ಶುರು ಮಾಡಿಸಿದ್ದೆ. ತರಗತಿಯಲ್ಲಿ ಬಾಯಿಯೇ ಬಿಡದ ಒಬ್ಬ ಹುಡುಗಿ 'ನಮ್ಮನೇಲಿ ಮೂರನೇ ಜ್ವರ' ಎಂದು ಬರೆದು ತಂದಳು. ಹುಳ ಜ್ವರಕ್ಕೆ ಕೂತಾಗ ಸೊಪ್ಪು ಹಾಕುವ ಕೆಲಸ ನಿಂತು, ಅವಳ ಅಮ್ಮನಿಗೆ ನೆಮ್ಮದಿಯಾಗಿ ತಲೆ ಬಾಚಿಕೊಳ್ಳಲು ಪುರುಸೊತ್ತು ಸಿಗುತ್ತದಂತೆ. ಓದಿ ನನಗೆ ಹೊಟ್ಟೆಕಿಚ್ಚಾಯಿತು. ಈ ಹುಡುಗಿ ತಾನು ಕಂಡದ್ದನ್ನು ಹೀಗೇ ಬರೆಯುತ್ತಾ ಹೋದರೆ ಸಾಕು ಎನ್ನಿಸಿತು.

ಅದನ್ನು ಬ್ಲಾಗಿಗೆ ಹಾಕಿಸಿ ಕೆಲವು ದಿನ ಬಿಟ್ಟು ನೋಡುತ್ತೇನೆ, ಅಮ್ಮ ತಲೆ ಬಾಚಿಕೊಳ್ಳುವ ಸಾಲಿನ ಕೆಳಗೇ ಜ್ವರದ ಮಾತ್ರೆಯ ಜಾಹೀರಾತು! ಅದರ ಕೆಳಗೆ ರಕ್ತಪರೀಕ್ಷೆ. ಇನ್ನೂ ಕೆಳಗೆ ಆರೋಗ್ಯ ವಿಮೆ. ಕಂಪ್ಯೂಟರ್ ಮೇಷ್ಟ್ರು ಯಾರನ್ನೂ ಕೇಳದೆ ಬ್ಲಾಗಿಗೆ ಜಾಹೀರಾತು ಹಾಕಿಸಿದ್ದರು.

"ಮಕ್ಕಳ ಬರವಣಿಗೆ ಇಟ್ಕೊಂಡು ದುಡ್ಡು ಮಾಡ್ತೀರಲ್ಲ ಸಾರ್, ಮಕ್ಕಳನ್ನ ಒಂದು ಮಾತು ಕೇಳಿದ್ರಾ?" ಎಂದೆ.

"ನಾನೇನ್ ಮನೆಗೆ ತಗೊಂಡೋಗ್ತೀನಾ ಮೇಡಂ? ಲೈಬ್ರರಿಗೆ ಪುಸ್ತಕ ಬರ್ತವೆ ಬಿಡಿ. ಜ್ವರ ಅಂತ ಹುಡುಕ್ಕೊಂಡು ಎಷ್ಟು ಜನ ಬರ್ತಾವ್ರೆ ಗೊತ್ತಾ!"

ಮಗುವಿನ ಮೈ ಸುಡುತ್ತಿದೆಯೆಂದು ಗಾಬರಿಯಲ್ಲಿ ಹುಡುಕಿಕೊಂಡು ಬಂದ ತಾಯಿ ನಮ್ಮ ಹುಳದ ಕಥೆ ಓದಿ ಏನು ಮಾಡಬೇಕು? ಅದನ್ನೂ ಕೇಳಿದೆ. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. ಪುಸ್ತಕ ಅಂದ ಕೂಡಲೇ ಹೆಡ್‌ಮಾಸ್ಟರೂ ಆ ಕಡೆಗೇ ವಾಲಿದರು. ಕನ್ನಡ ಮೇಡಮ್ಮೇ ಪುಸ್ತಕ ಬೇಡ ಅನ್ನೋದಾ ಎಂದು ನಕ್ಕರು ಬೇರೆ. ನನಗೆ ಮೈಯೆಲ್ಲ ಉರಿದುಹೋಯಿತು.

ಬರೆದವಳನ್ನಾದರೂ ಕೇಳೋಣವೆಂದು ಹುಡುಗಿಯನ್ನು ಕರೆದೆ. "ನಿನ್ನ ಬರಹ ಅಲ್ಲಿಂದ ತೆಗೆಸಿಬಿಡ್ಲೇನಮ್ಮ?"

"ಬೇಡ ಮಿಸ್," ಎಂದಳು. ಅಷ್ಟು ಜೋರಾಗಿ ಅವಳು ಮಾತಾಡಿದ್ದನ್ನು ನಾನು ಕೇಳಿದ್ದೇ ಇಲ್ಲ. "ನಂದೇ ಎಲ್ಲಾರ್ಗಿಂತ ಜಾಸ್ತಿ ಓಡ್ತಾ ಐತಂತೆ. ಮುಂದಿನ ಸಲ ಸಕ್ಕರೆ ಕಾಯಿಲೆ ಬಗ್ಗೆ ಬರೀ ಅಂತ ಸಾರ್ ಹೇಳವ್ರೆ. ನಮ್ಮನೇಲಿ ಯಾರ್ಗೂ ಇಲ್ಲ ಮಿಸ್. ಅಮ್ಮಂಗೆ ಐತೆ ಅಂತ ಬರೀಲಾ?"