ಹಲ್ಲಿಲ್ಲದ ಕಡೆ ಹಲ್ಲುನೋವು

ಕಳೆದ ಅಕ್ಟೋಬರಿನಲ್ಲಿ ನನಗೆ ಕ್ಯಾನ್ಸರ್ ಆಗಿತ್ತು. ಐದು ದಿನ.

ಪತ್ತೆ ಮಾಡಿದವಳು ಸುಮಕ್ಕ, ಬಾಳೂರಿನ ನನ್ನ ಚಿಕ್ಕಪ್ಪನ ಮಗಳು. ಇಲ್ಲಿ ಮೆಡಿಕಲ್ ಸೀಟು ಸಿಗದೆ ರಷ್ಯಾಕ್ಕೆ ಹೋಗಿ ಆರು ವರ್ಷ ಓದಿ ಬಂದವಳು. ಆದರೆ ಹೊರದೇಶದಲ್ಲಿ ಓದಿದವರು ಇಲ್ಲಿ ಇನ್ನೊಂದು ಪರೀಕ್ಷೆ ಪಾಸಾಗಬೇಕಂತೆ. ಅಲ್ಲಿಯವರೆಗೆ ಲೈಸೆನ್ಸ್ ಇಲ್ಲ, ಜ್ವರಕ್ಕೊಂದು ಮಾತ್ರೆ ಬರೆಯುವ ಹಾಗೂ ಇಲ್ಲ. ಸುಮಕ್ಕ ಒಂದು ಸಲ ಬರೆದು ಫೇಲಾಗಿದ್ದಾಳೆ. ಹಾಗಾಗಿ ಮತ್ತೆ ಮೊದಲಿನಿಂದ ಓದು. ಅನಾಟಮಿ, ಫಿಸಿಯಾಲಜಿ, ಎಲ್ಲಕ್ಕಿಂತ ಹೆಚ್ಚಾಗಿ ಪೆಥಾಲಜಿ.

ಪ್ರತಿ ಭಾನುವಾರ ಚಿಕ್ಕಮಗಳೂರಿನಿಂದ ಬಸ್ಸು ಹತ್ತಿ ಹೋಗಿ ಅವಳಿಗೆ ಪ್ರಶ್ನೆ ಕೇಳುವುದು ನನ್ನ ಕೆಲಸ. ಪ್ರಶ್ನೆಗಳನ್ನು ಅವಳು ಹಳೇ ಲಗ್ನಪತ್ರಿಕೆಗಳ ಹಿಂಬದಿಯಲ್ಲಿ ಬರೆದಿಟ್ಟುಕೊಂಡಿದ್ದಾಳೆ. ಒಂದು ಕಡೆ ಯಾವುದೋ ಗೆಳತಿಯ ಶುಭವಿವಾಹ. ತಿರುಗಿಸಿದರೆ ಲಿವರ್ ಕೊಳೆಯುವ ಬಗೆ. (ಚಿಕ್ಕಮ್ಮ ಮುಂಬದಿಯನ್ನು ಮಾತ್ರ ಓದಿ ನಿಟ್ಟುಸಿರು ಬಿಡುತ್ತಾರೆ.)

ಪೆಥಾಲಜಿ ಓದುವವರಿಗೆ ಒಂದು ತೊಂದರೆ. ಓದಿದ ಕಾಯಿಲೆಯೆಲ್ಲ ಎದುರಿಗೆ ಕೂತವರ ಮೈಮೇಲೆ ಕಾಣಿಸುತ್ತದೆ. ಶ್ವಾಸಕೋಶದ ಪಾಠ ಓದಿದ ವಾರ, ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಿಗೆ ಟಿಬಿ ಅಂದಳು. ಟೆಸ್ಟ್ ಮಾಡಿಸಿದರೆ ಅದು ಬೀಡಿ ಕೆಮ್ಮು. ಥೈರಾಯ್ಡ್ ಓದಿದ ವಾರ ಚಿಕ್ಕಮ್ಮನ ಕತ್ತಿನಲ್ಲಿ ಗಡ್ಡೆ ಕಂಡಳು. ಚಿಕ್ಕಮ್ಮನ ಕತ್ತೇ ಹಾಗೆ! ಇನ್ನು ನನ್ನ ತೊಡೆಸಂದಿಯಲ್ಲಿ ಸಣ್ಣದೊಂದು ಗಂಟಿದೆ ಅಂತ ಬಾಯಿಬಿಟ್ಟ ದಿನ ನಾವು ಓದುತ್ತಿದ್ದದ್ದು ಲಿಂಫೋಮಾ, ಗ್ರಂಥಿಗಳ ಕ್ಯಾನ್ಸರು. ಅವಳ ಮುಖ ಬಿಳಿಚಿಕೊಂಡಿತು. ನಾನು ಐದು ದಿನ ಸರಿಯಾಗಿ ಊಟ ಮಾಡಲಿಲ್ಲ. ಕೊನೆಗೆ ಚಿಕ್ಕಮಗಳೂರಿನ ಡಾಕ್ಟರು ನನ್ನ ಕಾಲು ನೋಡಿ ನಕ್ಕರು. "ಇಂಬಳ ಕಚ್ಚಿ ರಕ್ತ ಹೀರಿದ ಜಾಗಾನ ಕೆರೆದು ಕೆರೆದು ಹುಣ್ಣು ಮಾಡ್ಕೊಂಡಿದೀರಿ. ಅದರದ್ದು ಈ ಗಂಟು. ತೋಟಕ್ಕೆ ಹೋಗೋವಾಗ ಸಾಕ್ಸ್ ಹಾಕಿ ಸಾರ್."

ಅವತ್ತಿನಿಂದ ಸುಮಕ್ಕನ ಡಯಾಗ್ನೋಸಿಸ್ ಅಂದರೆ ಮನೆಮಂದಿಗೆಲ್ಲ ತಮಾಷೆ. ತಮಾಷೆ ಶುರುಮಾಡಿದವನು ನಾನೇ.

ಈಗ ಜನವರಿಯ ಆ ಭಾನುವಾರಕ್ಕೆ ಬರುತ್ತೇನೆ. ಕಾಫಿ ಹಣ್ಣು ಕೊಯ್ಯುವ ಕಾಲ. ತೋಟಕ್ಕೆ ಭಾನುವಾರವೂ ರಜೆಯಿಲ್ಲ. ನಾವು ಜಗಲಿಯಲ್ಲಿ ಕೂತು ಹೃದಯದ ಕಾರ್ಡುಗಳನ್ನು ಓದುತ್ತಿದ್ದೆವು. ಚಿಕ್ಕಪ್ಪ, ಚಿಕ್ಕಮ್ಮನೂ ಅಲ್ಲೇ ಇದ್ದರು. ರಕ್ತ ನಿಂತ ಮೊದಲ ದಿನ ಹೃದಯದ ಸ್ನಾಯು ಹೇಗೆ ಕಾಣುತ್ತದೆ, ಮೂರನೇ ದಿನ ಹೇಗೆ, ಕಲೆ ಗಟ್ಟಿಯಾಗಲು ಎಷ್ಟು ವಾರ ಬೇಕು, ಇಂಥವೇ. ಅಷ್ಟರಲ್ಲಿ ತಿಮ್ಮಪ್ಪ ಮೇಸ್ತ್ರಿ ಗೋಣಿಚೀಲ ತೆಗೆದುಕೊಂಡು ಹೋಗಲು ಬಂದರು. ನಾನು ಹುಟ್ಟುವ ಮೊದಲಿಂದಲೂ ಚಿಕ್ಕಪ್ಪನ ತೋಟದಲ್ಲಿ ಆಳುಗಳನ್ನು ನೋಡಿಕೊಳ್ಳುವವರು ಅವರೇ.

"ಸಣ್ಣಮ್ಮಾ, ಹಲ್ಲುನೋವಿಗೊಂದು ಗುಳಿಗೆ ಕೊಡ್ತೀರಾ? ಈ ಎಡಗಡೆ ದವಡೆ ಹಿಡ್ಕಂಡದೆ."

"ಯಾವ ಹಲ್ಲು ಮೇಸ್ತ್ರಿ?" ಸುಮಕ್ಕ ಕೇಳಿದಳು.

"ಈ ಕಡೆ ಹಲ್ಲೆಲ್ಲಿ ಅದೆ? ಕೀಳ್ಸಿ ಎರಡು ವರ್ಷ ಆತಲ್ಲ!"

ಎಲ್ಲರೂ ನಕ್ಕೆವು. ಸುಮಕ್ಕ ನಗಲಿಲ್ಲ. ಯಾವಾಗ ಬರುತ್ತದೆ ಅಂತ ಕೇಳಿದಳು. ಏರು ಹತ್ತುವಾಗ ಬರ್ತದೆ, ಕೂತರೆ ಹೋಗ್ತದೆ ಅಂದರು ಮೇಸ್ತ್ರಿ. ಬೆವರು? ಅದೂ ಬರ್ತದೆ. ಸುಮಕ್ಕ ಎದ್ದು ನಿಂತಳು.

"ಅಪ್ಪಾ, ಜೀಪ್ ತೆಗೀರಿ. ಇದು ಹಲ್ಲುನೋವಲ್ಲ, ಹಾರ್ಟು. ಹಾರ್ಟಿನ ನೋವು ದವಡೇಲೂ ಕಾಣಿಸ್ಕೊಳ್ತದೆ. ಈಗಲೇ ಮೂಡಿಗೆರೆಗೆ ಕರ್ಕೊಂಡು ಹೋಗಿ ಇಸಿಜಿ ಮಾಡಿಸ್ಬೇಕು."

ಚಿಕ್ಕಪ್ಪ ಹೊರಡುತ್ತಿದ್ದರೇನೋ. ಗೋಡೆಗೂಡಿನಲ್ಲಿದ್ದ ಜೀಪಿನ ಬೀಗದ ಕೈಯತ್ತ ಅವರ ಕೈ ಹೋಗಿತ್ತು, ನಾನು ನೋಡಿದ್ದೇನೆ.

ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ಹೋಗುವಾಗ ನಾವೊಂದು ಪಟ್ಟು ಕಲಿತಿದ್ದೆವು. ಎದುರಾಳಿಯ ವಾದ ಗಟ್ಟಿಯಾಗಿದ್ದರೆ ವಾದವನ್ನು ಮುಟ್ಟಬೇಡ, ಅವನ ಹಳೇ ತಪ್ಪುಗಳನ್ನು ಎಣಿಸು. ಸಭೆ ಅಲ್ಲಿಗೆ ನಿನ್ನದು. ಇದೇ ಪಟ್ಟಿನಿಂದ ಗೆದ್ದ ಶೀಲ್ಡುಗಳು ನನ್ನ ರೂಮಿನಲ್ಲಿ ಸಾಲಾಗಿವೆ.

"ಸುಮಕ್ಕಾ," ಅಂದೆ, "ಇವತ್ತು ಯಾವ ಚಾಪ್ಟರ್ ಓದ್ತಾ ಇದ್ವಿ?"

ಅವಳು ಕಾರ್ಡುಗಳತ್ತ ನೋಡಿದಳು.

"ಹಾರ್ಟು. ಟಿಬಿ ಓದಿದಾಗ ರೈಟರಿಗೆ ಟಿಬಿ. ಲಿಂಫೋಮಾ ಓದಿದಾಗ ನಂಗೆ ಲಿಂಫೋಮಾ. ಮೇಸ್ತ್ರಿ ಮುಂದಿನ ತಿಂಗಳು ಬಂದಿದ್ರೆ ಕಿಡ್ನಿ ಹೋಗಿರೋದು ಪಾಪ!"

ಚಿಕ್ಕಪ್ಪ ಜೋರಾಗಿ ನಕ್ಕರು. ಕೈ ಹಿಂದಕ್ಕೆ ಬಂತು. ಎಲ್ಲರಿಗಿಂತ ಹೆಚ್ಚು ನಕ್ಕವರು ತಿಮ್ಮಪ್ಪ ಮೇಸ್ತ್ರಿ. "ಅಷ್ಟೇಯ ಮತ್ತೆ! ನಾನು ಆಸ್ಪತ್ರೇಲಿ ಮಲಗಿದ್ರೆ ಸಂಜೆ ಹಣ್ಣು ಅಳೆಯೋರು ಯಾರು ಸಣ್ಣಮ್ಮಾ?"

"ಸಂತೆ ದಿನ ಹೆಂಗೂ ಜೀಪ್ ಮೂಡಿಗೆರೆಗೆ ಹೋಗ್ತದೆ. ಅವತ್ತು ತೋರಿಸಿದ್ರಾಯ್ತು" ಅಂದರು ಚಿಕ್ಕಪ್ಪ.

ಸುಮಕ್ಕ ಇನ್ನೊಂದು ಸಲ ಬಾಯಿ ತೆರೆದಳು. ನಾನೂ ಬಿಡಲಿಲ್ಲ. "ಏನೂ ಇಲ್ಲ, ಹೋಗಿ ಮಾರಾಯ್ರೇ. ಒಂದು ಲವಂಗ ಕಚ್ಕೊಳ್ಳಿ" ಅಂದೆ. (ಹಲ್ಲೇ ಇಲ್ಲದ ಕಡೆ ಲವಂಗ ಯಾವುದರಿಂದ ಕಚ್ಚುವುದು? ಅದು ಆಗ ಯಾರಿಗೂ ಹೊಳೆಯಲಿಲ್ಲ.) ಮೇಸ್ತ್ರಿ ಗೋಣಿಚೀಲದ ಕಟ್ಟನ್ನು ಹೆಗಲಿಗೇರಿಸಿಕೊಂಡು ಏರಿನತ್ತ ಹೋದರು. ಸುಮಕ್ಕ ಕೂತು, ಮುಂದಿನ ಕಾರ್ಡ್ ಓದು ಅಂದಳು.

ಸಂತೆ ಇನ್ನೂ ಬಂದಿರಲಿಲ್ಲ, ಮಂಗಳವಾರ ಮಧ್ಯಾಹ್ನ ಚಿಕ್ಕಪ್ಪನ ಫೋನು. "ಮೇಸ್ತ್ರಿ ಹೋಗ್ಬಿಟ್ಟ ಕಣೋ."

ತೋಟದ ಮೇಲಿನ ಬ್ಲಾಕಿನಲ್ಲಿ ನೆರಳಿಗೆ ಬೆಳೆಸಿದ ಸಿಲ್ವರ್ ಮರಕ್ಕೆ ಒರಗಿ ಕೂತಿದ್ದರಂತೆ, ದವಡೆಗೆ ಕೈ ಕೊಟ್ಟುಕೊಂಡು. ಹಣ್ಣು ಕೊಯ್ಯುವ ಹೆಂಗಸರು, ಎಲೆಯಡಿಕೆ ಹಾಕಿಕೊಂಡು ಸುಧಾರಿಸಿಕೊಳ್ಳುತ್ತಿದ್ದಾರೆ ಅಂದುಕೊಂಡರಂತೆ. ಎಷ್ಟೋ ಹೊತ್ತಿನ ಮೇಲೆ ಒಬ್ಬಾಕೆ ಚೀಲ ಬೇಕು ಅಂತ ಕೂಗಿದಳು. ಮೇಸ್ತ್ರಿ ತಿರುಗಿ ನೋಡಲಿಲ್ಲವಂತೆ.

ಬಸ್ಸಿನಲ್ಲಿ ಬಾಳೂರಿಗೆ ಹೋಗುವ ದಾರಿಯುದ್ದಕ್ಕೂ ನಾನು ಮನಸ್ಸಿನಲ್ಲೇ ವಾದ ಮಾಡಿದೆ. ಇಸಿಜಿ ಇಲ್ಲದೆ ಹಾರ್ಟ್ ಅಂತ ಹೇಳುವುದು ಹೇಗೆ? ಮೂಡಿಗೆರೆಗೆ ಹೋಗಿದ್ದರೂ ಉಳಿಯುತ್ತಿದ್ದರು ಅನ್ನುವುದಕ್ಕೆ ಗ್ಯಾರಂಟಿ ಏನು? ಮೂರು ಸಲ ತಪ್ಪಿದವರನ್ನು ನಾಲ್ಕನೇ ಸಲ ಯಾಕೆ ನಂಬಬೇಕು? ಎಲ್ಲವೂ ಒಳ್ಳೇ ಪಾಯಿಂಟುಗಳೇ. ಆದರೆ ಆಳುಗಳ ಲೈನಿನ ಮನೆಯೆದುರು ಮೇಸ್ತ್ರಿಯ ಹೆಂಡತಿ, "ಹಲ್ಲುನೋವು ಅಂತಿದ್ರು, ಏನೂ ಇಲ್ಲ ಅಂದ್ರಂತೆ ನೀವು" ಅಂದಳು. ಆಕೆ ದೂರಲಿಲ್ಲ. ಗಂಡ ಹಾಗಂತ ಹೇಳಿ ಹೋಗಿದ್ದರು, ಅದನ್ನೇ ನನಗೆ ಹೇಳಿದಳು.

ಸುಮಕ್ಕನೂ ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಡಬಹುದಿತ್ತು. ಮುಂದಿನ ಭಾನುವಾರ ಎಂದಿನಂತೆ ಕಾರ್ಡುಗಳನ್ನು ತಂದಿಟ್ಟಳು. ನಾನು ಹೃದಯದ ಕಟ್ಟನ್ನು ಎತ್ತಿಕೊಂಡೆ.

"ಅದು ಬೇಡ," ಅಂದಳು. "ಅದು ಗೊತ್ತು."

ಬೇರೆ ಕಟ್ಟನ್ನು ನನ್ನತ್ತ ಸರಿಸಿ, "ನೀನು ತಮಾಷೆ ಮಾಡಿದ್ದಕ್ಕೆ ಬೇಜಾರಲ್ಲ ಕಣೋ. ನಾನು ಯಾಕೆ ಸುಮ್ಮನಾದೆ ಅಂತ ಯೋಚಿಸ್ತೀನಿ. ಪರೀಕ್ಷೆ ಪಾಸಾಗಿದ್ರೆ ಸುಮ್ಮನಾಗ್ತಿದ್ನಾ?" ಅಂದಳು.

ಪರೀಕ್ಷೆ ಬೇಡ ಅನ್ನುವವನು ನಾನಲ್ಲ. ಅರೆಬರೆ ಕಲಿತವರ ಕೈಗೆ ನಮ್ಮ ನಾಡಿ ಕೊಡಬಾರದು, ಸರಿ. ಆದರೆ ನನಗೀಗ ಕಾಡುವುದು ಬೇರೆ. ತಿಮ್ಮಪ್ಪ ಮೇಸ್ತ್ರಿಗೆ ಕಾಯಿಲೆ ಇದೆ ಅಂತ ಹೇಳಲು ಸುಮಕ್ಕನಿಗೆ ಆರು ವರ್ಷದ ಓದು ಸಾಲದೆ ಮೇಲೊಂದು ಲೈಸೆನ್ಸ್ ಬೇಕಿತ್ತು.

ಏನೂ ಇಲ್ಲ, ಹೋಗಿ ಅನ್ನಲು ನನಗೆ ಲೈಸೆನ್ಸ್ ಕೊಟ್ಟವರು ಯಾರು?