ಹೆಂಗಸರ ಬಾಗಿಲಿನಿಂದ ಬಂದ ಕರೆ

ದೆವ್ವದ ಮಾತೆತ್ತಿದವರನ್ನು ನಾನು ಸುಮ್ಮನೆ ಬಿಡುತ್ತಿರಲಿಲ್ಲ. "ಕಣ್ಣಾರೆ ಕಂಡೆಯೇನಯ್ಯ?" ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಈಗ ಯಾರಾದರೂ ಹೇಳಿದರೆ ಕೇಳಿಸಿಕೊಳ್ಳುತ್ತೇನೆ. ನಂಬಿಕೆ ಬಂದಿದೆ ಎಂದಲ್ಲ, ನಗುವ ಧೈರ್ಯ ಹೋಗಿದೆ.

ಅರವತ್ತರ ದಶಕದ ಮಾತು. ಭದ್ರಾವತಿಯ ಒಂದು ಕಾರ್ಖಾನೆಯಲ್ಲಿ ನನಗೆ ಕೆಲಸ, ಓಲ್ಡ್ ಟೌನಿನಲ್ಲಿ ಬಾಡಿಗೆ ಮನೆ. ಹೆಂಡತಿ ಕಮಲ ತೀರಿಕೊಂಡು ವರ್ಷ ಕಳೆದಿತ್ತು. ಮಕ್ಕಳಿರಲಿಲ್ಲ. ಬೀಗ ನಾನೇ ತೆಗೆಯಬೇಕು, ದೀಪ ನಾನೇ ಹಚ್ಚಬೇಕು. ಅದಕ್ಕೇ ರಜೆಯ ದಿನ ಮನೆಯಲ್ಲಿ ಇರುತ್ತಿರಲಿಲ್ಲ.

ಶಿವಮೊಗ್ಗಕ್ಕೆ ಒಂದು ಹಿಂದಿ ಸಿನಿಮಾ ಬಂದಿತ್ತು. ಹಳ್ಳಿಯೊಂದರಲ್ಲಿ ಜನ ಒಬ್ಬೊಬ್ಬರಾಗಿ ಸಾಯುತ್ತಾರೆ, ಕಾರಣ ಯಾರಿಗೂ ತಿಳಿಯದು. ನನಗೆ ಹಿಂದಿ ಬರುವುದಿಲ್ಲ ಎಂದರೆ ಜೊತೆ ಕೆಲಸದವನೊಬ್ಬ, "ಹೆದರ್ಕೊಳ್ಳೋಕೆ ಹಿಂದಿ ಯಾಕೆ ಮಾರಾಯ, ಹೋಗಿ ಬಾ" ಎಂದ. ರಾತ್ರಿ ಪಾಳಿ ಮುಗಿಸಿ, ಒಬ್ಬನೇ ಬಸ್ಸು ಹತ್ತಿ ಮ್ಯಾಟಿನಿಗೆ ಹೋದೆ.

ಆಗ ಟಾಕೀಸಿನಲ್ಲಿ ಹೆಂಗಸರಿಗೆ ಬೇರೆ ಬೆಂಚು, ಬೇರೆ ಬಾಗಿಲು. ಗಂಡನ ಹೆಸರು ಬಾಯಲ್ಲಿ ಹೇಳುವ ಹಾಗಿಲ್ಲವಲ್ಲ, ಆಟ ಮುಗಿದ ಕೂಡಲೇ ಆ ಕಡೆಯಿಂದ "ರೀ... ರೀ..." ಎಂಬ ಕೂಗು ಏಳುತ್ತಿತ್ತು. ಈ ಕಡೆ ಗಂಡಸರೆಲ್ಲ ಒಟ್ಟಿಗೆ ತಿರುಗುತ್ತಿದ್ದರು. ಅದನ್ನು ನೆನೆದು ನಾನೂ ಕಮಲಳೂ ಎಷ್ಟು ನಕ್ಕಿಲ್ಲ!

ಅವತ್ತು ತೆರೆಯ ಮೇಲೆ ಎರಡು ಹೆಣ ಬೀಳುವಷ್ಟರಲ್ಲಿ ನನಗೆ ನಿದ್ದೆ ಹತ್ತಿತು. "ರೀ, ಏಳಿ. ಬಸ್ಸು ಹೋಗುತ್ತೆ" ಎಂದಿತು ಕಮಲಳ ದನಿ. "ಹೂಂ, ಬಂದೆ" ಎಂದು ಎದ್ದೇಬಿಟ್ಟೆ. ದೀಪ ಹತ್ತಿತ್ತು, ಜನ ಹೊರಡುತ್ತಿದ್ದರು. ಕನಸು ಎಂದುಕೊಂಡೆ. ಆದರೆ ಕಾಲು ಕೇಳಬೇಕಲ್ಲ? ಹೆಂಗಸರ ಬಾಗಿಲಿಗೆ ಹೋಗಿ ಬೇರೆ ಗಂಡಂದಿರ ಜೊತೆ ನಿಂತೆ. ಎಲ್ಲರೂ ತಮ್ಮ ತಮ್ಮವರನ್ನು ಕರೆದುಕೊಂಡು ಹೋದರು. ಕೊನೆಗೆ ನಾನೊಬ್ಬನೇ ಉಳಿದೆ. ಥೂ, ಇದೆಂಥ ಹುಚ್ಚು ಎನಿಸಿ ಅಳು ಬಂತು.

ಬಾಗಿಲು ಕಾಯುವ ಮುದುಕಿ ನನ್ನನ್ನೇ ನೋಡುತ್ತಿದ್ದಳು. "ಭದ್ರಾವತಿಯೋರು ನೀವೇನಾ? ನಿಮ್ಮನೆಯೋರು ಆಗ್ಲೇ ಹೋದ್ರಪ್ಪ. 'ಅವರು ನಿದ್ದೆ ಹೋಗಿರ್ತಾರೆ, ಎಬ್ಬಿಸಿ ಕಳಿಸಮ್ಮ' ಅಂದ್ರು. ಜನ ಕರಗಲಿ ಅಂತಿದ್ದೆ, ನೀವೇ ಬಂದ್ರಿ" ಎಂದಳು.

ನಮ್ಮೂರಿನ ಟಾಕೀಸಿನಲ್ಲಿ ಕಮಲ ಪ್ರತಿ ಸಲವೂ ಬಾಗಿಲಿನವಳಿಗೆ ಹೇಳಿ ಹೋಗುತ್ತಿದ್ದ ಮಾತೇ ಅದು. ಶಿವಮೊಗ್ಗದ ಈ ಟಾಕೀಸಿಗೆ ನಾವಿಬ್ಬರೂ ಒಮ್ಮೆಯೂ ಬಂದವರಲ್ಲ. ಬಸ್ ಸ್ಟ್ಯಾಂಡಿಗೆ ಓಡಿದೆ. ಹೊರಟು ನಿಂತಿದ್ದ ಬಸ್ಸು ಹತ್ತಿ, ಹೆಂಗಸರ ಮುಖಗಳನ್ನೆಲ್ಲ ಬಗ್ಗಿ ನೋಡಿ ಕಂಡಕ್ಟರನ ಕೈಲಿ ಬೈಸಿಕೊಂಡೆ.

ನಿದ್ದೆಬಡುಕ ಗಂಡ ಭದ್ರಾವತಿಯಲ್ಲಿ ನಾನೊಬ್ಬನೇ ಏನು? ಬೇರೆ ಯಾರದೋ ಹೆಂಡತಿ ಇದ್ದಿರಬೇಕು. ಹೀಗೆ ಎಷ್ಟೋ ಸಲ ಸಮಾಧಾನ ಹೇಳಿಕೊಂಡಿದ್ದೇನೆ, ಮನಸ್ಸು ಒಪ್ಪಿಲ್ಲ. ಅದೇನೆಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಮರುವಾರ ಮತ್ತೆ ಅದೇ ಸಿನಿಮಾಕ್ಕೆ ಹೋಗಿ ಅದೇ ಬೆಂಚಿನಲ್ಲಿ ಕುಳಿತೆ. ಹೆದರಿಕೆ ಇರಲಿಲ್ಲ, ಆಸೆ ಇತ್ತು. ಕಣ್ಣು ಮುಚ್ಚಿದೆ, ಗೋಡೆಗೆ ತಲೆ ಒರಗಿಸಿದೆ. ಏನು ಮಾಡಿದರೂ ನಿದ್ದೆ ಬರಲಿಲ್ಲ.