ಹತ್ತಿರ ಯಾರಿದ್ದಿರಿ

ಕೊತ್ತತ್ತಿಯಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿಯದೊಂದು ಆಲೆಮನೆ ಇತ್ತು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಬಿಸಿ ಬೆಲ್ಲದ ಆಸೆಗೆ ಊರ ಮಕ್ಕಳೆಲ್ಲ ಅಲ್ಲೇ ಸುಳಿದಾಡುತ್ತಿದ್ದರು. ಯಾವ ಮಗು ಒಲೆಯ ಕಡೆ ಹೆಜ್ಜೆಯಿಟ್ಟರೂ ಅಜ್ಜಿ ಅದು ಯಾರ ಮಗುವೆಂದು ಕೇಳಿದವಳಲ್ಲ. ಸೊಂಟದ ಮೇಲೆ ಕೈಯಿಟ್ಟು, ಕೆಲಸದವರತ್ತ ತಿರುಗಿ, “ಅತ್ರ ಯಾರಿದ್ರಿ?” ಎನ್ನುತ್ತಿದ್ದಳು. ಅಷ್ಟಕ್ಕೇ ಗಟ್ಟಿ ಆಳುಗಳೂ ತಲೆ ತಗ್ಗಿಸುತ್ತಿದ್ದರು.

ಒಂದು ಸಂಜೆ ನಮ್ಮ ಜಗಲಿಯಲ್ಲಿ ಅಣ್ಣನ ಹತ್ತು ವರ್ಷದ ಮಗ ಅತ್ತಿಗೆಯ ಮೊಬೈಲಿನಲ್ಲಿ ಆಟವಾಡುತ್ತಿದ್ದ. ನಡುವೆ ಬಂದ ಯಾವುದೋ ಜಾಹೀರಾತನ್ನು ಒತ್ತಿದ್ದೇ ತಡ, ಮಕ್ಕಳು ನೋಡಬಾರದ ವಿಡಿಯೊ ತೆರೆದುಕೊಂಡಿತು. ಹುಡುಗ ಹೆದರಿ ಮೊಬೈಲು ಎಸೆದ. ಅಣ್ಣ ಅದನ್ನೆತ್ತಿ ನೋಡಿದವನೇ ಹೊಡೆಯಲು ಕೈಯೆತ್ತಿದ. ಬೆಲ್ಲ ಕೊಡಲು ಬಂದಿದ್ದ ಅಜ್ಜಿ ಆ ಕೈಯನ್ನು ಹಿಡಿದು ನಿಲ್ಲಿಸಿದಳು.

“ಸುಟ್ಕಂಡಿರೋ ಮಗೀಗೆ ಒಡೀತಾರೇನ್ಲಾ?”

“ಇಂತವ್ನೆಲ್ಲ ಕಂಪ್ನಿಯೋರು ತಡೀಬೇಕು ಕಣಜ್ಜಿ. ನಾನೇನ್ ಮಾಡ್ಲಿ?” ಎಂದ ಅಣ್ಣ.

“ಅವ್ರೂ ತಡೀಲಿ ಬುಡು. ಅತ್ರ ಯಾರಿದ್ರಿ?”

ಅಷ್ಟು ಹೊತ್ತೂ ಅಣ್ಣ ಅದೇ ಚಾಪೆಯ ಮೇಲೆ, ಮಗನ ಪಕ್ಕದಲ್ಲೇ, ತನ್ನ ಮೊಬೈಲು ನೋಡುತ್ತ ಕುಳಿತಿದ್ದ.

ಅಜ್ಜಿ ಹುಡುಗನನ್ನು ಹತ್ತಿರಕ್ಕೆಳೆದುಕೊಂಡು, ಬಿಗಿಹಿಡಿದಿದ್ದ ಅವನ ಅಂಗೈ ಬಿಡಿಸಿ, ಆಲೆಮನೆಯಲ್ಲಿ ಕೈ ಸುಟ್ಟುಕೊಂಡ ಮಕ್ಕಳಿಗೆ ಮಾಡುತ್ತಿದ್ದ ಹಾಗೆಯೇ ಮೆಲ್ಲಗೆ ಊದತೊಡಗಿದಳು. ಬಾಗಿಲಲ್ಲಿ ನಿಂತಿದ್ದ ನಾನು ಬೆರಗಾಗಿ ನೋಡುತ್ತಿದ್ದೆ. ಅಲ್ಲಿಯವರೆಗೆ ಕಲ್ಲಿನಂತಿದ್ದ ಹುಡುಗ ಆಗ ಅತ್ತ.